ಕೆಂಪು ಚುಕ್ಕಿ ಇದ್ದ ಜಾಗ

ನನಗೆ ಹಚ್ಚೆ ಹಾಕುವುದನ್ನು ಕಲಿಸಿದ ಅಜ್ಜಿ ಹೊಡೆಯುವವಳಲ್ಲ. ಬೈಯುವುದರಲ್ಲಿ ಮಾತ್ರ ಎತ್ತಿದ ಕೈ. ಸೂಜಿ ಆಳಕ್ಕಿಳಿದರೆ ಬೈಗುಳ, ಮಸಿ ಹರಡಿದರೆ ಬೈಗುಳ, ಗಿರಾಕಿ ಅಳುವಾಗ ನಾನೇನಾದರೂ ನಕ್ಕರೆ ನನ್ನ ಮೂರು ತಲೆಮಾರಿಗೂ ಸೇರಿಸಿ ಬೈಗುಳ. ಕೈಮೇಲೆ ಹೊಡೆದದ್ದು ಒಂದೇ ಸಲ. ಲಾರಿ ಡ್ರೈವರ್ ಒಬ್ಬನ ತೋಳಿನ ಮೇಲೆ ಎಲೆ ತುಂಬುತ್ತ ತುಂಬುತ್ತ ನಾನು ಅಲ್ಲಿದ್ದ ಮಚ್ಚೆಯ ಮೇಲೂ ಸೂಜಿ ಒಯ್ಯುವುದರಲ್ಲಿದ್ದೆ.

"ಮಚ್ಚೆ ಬಿಟ್ಟು ಹಾಕು ಅಂತ ಎಷ್ಟು ಸಲ ಬಡ್ಕೊಂಡೆ ನಿನಗೆ? ನಾಳೆ ಅದು ಬೆಳೆದ್ರೆ, ಬಣ್ಣ ತಿರುಗಿದ್ರೆ, ಅವನಿಗೆ ಕಾಣ್ಬೇಕೋ ಬೇಡ್ವೋ? ಅದನ್ನ ಮುಚ್ಚೋಕೆ ನೀನ್ಯಾವ ದೊಡ್ಡ ಮನುಷ್ಯಳು?"

ಅಜ್ಜಿಗೆ ಅದಕ್ಕೆಂದೇ ಒಂದು ಪದ್ಧತಿಯಿತ್ತು. ಚಿತ್ರ ಬರೆಯುವ ಮೊದಲು ಗಿರಾಕಿಯ ಮೈಮೇಲೆ ತೆಳುವಾದ ಬೆಣ್ಣೆ ಕಾಗದ ಹಾಸಬೇಕು. ಎಲುಬಿನ ಗೆರೆ, ಹಳೆಯ ಗಾಯದ ಕಲೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಮಚ್ಚೆಗಳಿಗೆ ಮಾತ್ರ ಕೆಂಪು ಚುಕ್ಕಿ. ಆಮೇಲೆ ಚಿತ್ರ ಎಷ್ಟೇ ಚೆಂದವಿರಲಿ, ಕೆಂಪು ಚುಕ್ಕಿ ಬಿದ್ದಲ್ಲಿ ಕಡಲೆಕಾಳಿನಷ್ಟು ಬರಿ ಚರ್ಮ ಬಿಟ್ಟು ಸುತ್ತ ಮಸಿ ತುಂಬಬೇಕು. ಆ ಕಾಗದಕ್ಕೆ ಅವಳು ಮೈನಕ್ಷೆ ಎನ್ನುತ್ತಿದ್ದಳು. ಒಂದನ್ನೂ ಎಸೆಯುತ್ತಿರಲಿಲ್ಲ. ಅವಳು ಸತ್ತಾಗ ಸೂಜಿಪೆಟ್ಟಿಗೆಯ ಜೊತೆ ಒಂದು ಟ್ರಂಕಿನ ತುಂಬ ಯಾರ್ಯಾರದೋ ತೋಳು, ತೊಡೆ, ಬೆನ್ನು ಸುರುಳಿ ಸುತ್ತಿಕೊಂಡು ನನ್ನ ಪಾಲಿಗೆ ಬಂದವು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಅಂತ ಮುಂದೆ ಯಾರೂ ನನ್ನ ಪರ ವಹಿಸಿಕೊಂಡು ಮಾತಾಡಬಾರದು.

ಅಜ್ಜಿಯ ಕಾಲ ಮುಗಿದ ಮೇಲೆ ಈ ಕಸುಬಿನಲ್ಲಿ ನಾನು ಅನಾಥೆ. ಮೆಷಿನ್ ಹಿಡಿದವರದ್ದೇ ರಾಜ್ಯ. ವರ್ಷಕ್ಕೊಮ್ಮೆ ದೊಡ್ಡ ಹಾಲ್ ಒಂದರಲ್ಲಿ ಅವರ ಕೂಟ ಸೇರುತ್ತದೆ. ಮೂರು ದಿನ ಜೇನುಗೂಡಿನಂತೆ ಮೆಷಿನ್ನುಗಳ ಗುಂಯ್ ಸದ್ದು, ಕೊನೆಯ ದಿನ ಯಾರು ಬೇಕಾದರೂ ಇಳಿಯಬಹುದಾದ ಹಚ್ಚೆ ಸ್ಪರ್ಧೆ. ಅಲ್ಲಿ ಒಂದು ಮೇಜು ಸಿಕ್ಕಿತೆಂದರೆ ನೀವು ಅವರಲ್ಲೊಬ್ಬರು. ಇಲ್ಲದಿದ್ದರೆ ಟಿಕೆಟ್ ತೆಗೆದುಕೊಂಡು ಬಂದ ನೋಡುಗರು, ಅಷ್ಟೇ. ನಾನು ಏಳು ವರ್ಷ ಅರ್ಜಿ ಹಾಕಿದೆ, ಸಿಗಲಿಲ್ಲ. ತಲೆಬುರುಡೆಯ ಪೂರ್ತಿ ಹಚ್ಚೆ ಹಾಕಿಸಿಕೊಂಡ ಹಿರಿಯನೊಬ್ಬ ತೀರ್ಪುಗಾರರ ಮುಖ್ಯಸ್ಥ. ಎಲ್ಲರೂ ಅವನನ್ನು ಬುರುಡೆ ಎಂದೇ ಕರೆಯುತ್ತಿದ್ದರು. "ಅಕ್ಕಾ, ಕಡ್ಡಿಗೆ ಸೂಜಿ ಕಟ್ಟಿ ಚುಚ್ಚೋದನ್ನ ಮ್ಯೂಸಿಯಮ್ಮಿಗೆ ಕೊಡಿ, ಅಲ್ಲಿ ಚೆನ್ನಾಗಿರುತ್ತೆ," ಅಂದ. ಸುತ್ತ ಇದ್ದವರು ಕಿಸಕ್ಕೆಂದರು. ನಾನೂ ನಕ್ಕೆ. ಮನೆಗೆ ಬಂದು ತಂಗಿಯ ಮುಂದೆ ಗಳಗಳ ಅತ್ತೆ.

ನನ್ನ ತಂಗಿ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ನನಗಿಂತ ಎಂಟು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ಅವಳ ತಲೆ ಬಾಚಿದ್ದು, ಬೆನ್ನು ಉಜ್ಜಿದ್ದು ಎಲ್ಲ ನಾನೇ. ಬಣ್ಣ ಕಪ್ಪು ಅಂತ ನೆಂಟರಿಷ್ಟರೆಲ್ಲ ಅವಳನ್ನು ಕಾಗೆ ಕಾಗೆ ಎಂದು ಕರೆದು ಚಿಕ್ಕಂದಿನಲ್ಲೇ ಅರ್ಧ ಜೀವ ಮಾಡಿದ್ದರು. ಆವತ್ತು ಅವಳು ನನ್ನ ಮುಂದೆ ಚಹಾ ಇಟ್ಟು, "ಇಡೀ ಬೆನ್ನು ಕೊಡ್ತೀನಿ ತಗೋ. ಕೈಸೂಜಿಯಲ್ಲೇ ಹಾಕು. ಕಾಗೆಯನ್ನೇ ಹಾಕು, ರೆಕ್ಕೆ ಬಿಚ್ಚಿದ್ದು. ಅವರಿಗೂ ಉತ್ತರ, ಇವರಿಗೂ ಉತ್ತರ," ಅಂದಳು.

"ನೋವಾಗುತ್ತೆ ಕಣೇ. ತಿಂಗಳುಗಟ್ಟಲೆ ಹಿಡಿಯುತ್ತೆ."

"ದಿನಾ ಎಂಟು ಗಂಟೆ ಹಬೆಯಲ್ಲಿ ಬೇಯೋಳಿಗೆ ನೋವಿನ ಕಥೆ ಹೇಳ್ಬೇಡ."

ಒಂಬತ್ತು ತಿಂಗಳು, ಪ್ರತಿ ಭಾನುವಾರ. ಮೊದಲನೇ ಭಾನುವಾರ ಮೈನಕ್ಷೆ ಮಾಡಿದೆ. ಬೆನ್ನುಮೂಳೆಯ ಗೆರೆ, ಎರಡು ಹೆಗಲ ಮೂಳೆ. ಇಡೀ ಬೆನ್ನಿಗೆ ಒಂದೇ ಮಚ್ಚೆ, ಬಲ ಹೆಗಲ ಮೂಳೆಯ ಕೆಳಗೆ, ರೆಕ್ಕೆಯ ಬುಡ ಬರುವಲ್ಲಿ. ಕೆಂಪು ಚುಕ್ಕಿ ಇಟ್ಟೆ. ರೆಕ್ಕೆ ತುಂಬುತ್ತ ಬಂದ ಹಾಗೆ ಆ ಜಾಗ ಬಿಟ್ಟುಕೊಂಡೇ ಬಂದೆ. ಏಳನೇ ತಿಂಗಳಿಗೆ ಸುತ್ತ ಗಟ್ಟಿ ಕಪ್ಪು, ನಡುವೆ ಒಂದು ತೂತು. ನುಸಿ ತಿಂದ ಬಟ್ಟೆಯ ಹಾಗೆ ಕಾಣುತ್ತಿತ್ತು. ಬುರುಡೆಯ ಮುಖ ಕಣ್ಣೆದುರು ಬಂತು. ಮಸಿ ತುಂಬಲೂ ಬರುವುದಿಲ್ಲ ಇವಳಿಗೆ ಅಂತ ಅವನು ಮೂಗು ಮುರಿಯುವುದು ಕೇಳಿದಂತೆಯೇ ಆಯಿತು.

ಕೂಟಕ್ಕೆ ಮೂರು ವಾರ ಇದ್ದಾಗ ಆ ಜಾಗಕ್ಕೆ ಸೂಜಿ ಇಟ್ಟೆ. ತಂಗಿ ದಿಂಬಿನ ಮೇಲೆ ಗದ್ದ ಊರಿ ಮಲಗಿದ್ದವಳು, "ಅಲ್ಲಿ ಮಚ್ಚೆ ಇದೆ ಅಲ್ವಾ? ಬಿಡ್ತೀನಿ ಅಂದಿದ್ದೆ?" ಅಂದಳು.

"ನಾನಿದ್ದೀನಲ್ಲ, ಸುಮ್ನೆ ಮಲಗು," ಅಂದೆ.

ಅವಳು ಸುಮ್ಮನೆ ಮಲಗಿದಳು. ಇಪ್ಪತ್ತು ನಿಮಿಷದ ಕೆಲಸ.

ಆ ವರ್ಷ ಮೊದಲ ಬಹುಮಾನ ನನಗೇ ಬಂತು. ವೇದಿಕೆಯ ದೀಪಕ್ಕೆ ಬೆನ್ನು ಕೊಟ್ಟು ನಿಂತ ತಂಗಿಯನ್ನು ನೋಡಿ ಇಡೀ ಹಾಲ್ ಎದ್ದು ನಿಂತಿತು. ಬುರುಡೆ ಹತ್ತಿರ ಬಂದು ಭೂತಗನ್ನಡಿ ಹಿಡಿದು ರೆಕ್ಕೆಯ ಬುಡದಿಂದ ತುದಿಯವರೆಗೆ ನೋಡಿದ. "ಒಂದು ಚೂರೂ ಸಂದು ಬಿಟ್ಟಿಲ್ಲ ನೋಡ್ರೋ," ಅಂತ ತನ್ನ ಹುಡುಗರಿಗೆ ಹೇಳಿದ. ಮರುವರ್ಷದಿಂದ ನನಗೊಂದು ಮೇಜು, ಕುತ್ತಿಗೆಗೆ ಹಾಕಿಕೊಳ್ಳಲು ಗುರುತಿನ ಚೀಟಿ. ಆ ಬೆನ್ನಿನ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಎದುರು ಗೋಡೆಗೆ ಹಾಕಿದೆ. ಕೆಲಸ ಕಲಿಯಲು ದೂರದೂರದಿಂದ ಹುಡುಗಿಯರು ಬಂದರು. ನಿಜ ಹೇಳಬೇಕೆಂದರೆ ಅವು ನನ್ನ ಬದುಕಿನ ಅತಿ ಸುಖದ ವರ್ಷಗಳು.

ಮೂರು ವರ್ಷ ಕಳೆದ ಮೇಲೆ ತಂಗಿಯ ಬಲಗಂಕುಳಲ್ಲಿ ಗಂಟು ಕಾಣಿಸಿಕೊಂಡಿತು. ಇಸ್ತ್ರಿ ಎಳೆದು ಎಳೆದು ನರ ಗಂಟು ಹಾಕಿಕೊಂಡಿದೆ ಅಂತ ಅವಳು ಎಣ್ಣೆ ತಿಕ್ಕಿಕೊಂಡು ಎರಡು ತಿಂಗಳು ತಳ್ಳಿದಳು. ಈ ನಡುವೆ ಅವಳಿಗೆ ಮದುವೆಯಾಗಿತ್ತು; ಕೊನೆಗೆ ಗಂಡ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದ. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಾನೂ ಜೊತೆಗಿದ್ದೆ.

ಡಾಕ್ಟರಮ್ಮ ಸಣ್ಣ ದನಿಯ ಹೆಂಗಸು. "ಗಂಟಿನಲ್ಲಿ ಹಚ್ಚೆಯ ಮಸಿ ಇದೆ. ಅದು ಸೇರ್ಕೊಳ್ಳೋದು ಸಹಜ. ಆದ್ರೆ ಕ್ಯಾನ್ಸರೂ ಇದೆ. ಇದು ಚರ್ಮದಲ್ಲಿ ಶುರುವಾಗೋ ಜಾತಿ. ಹೆಚ್ಚಾಗಿ ಮಚ್ಚೆಯಿಂದ. ಅದೆಲ್ಲಿದೆ ಅಂತ ಹುಡುಕಿ ತೆಗೀಬೇಕು," ಅಂದಳು. ತಲೆಗೂದಲ ಸಂದಿಯಿಂದ ಕಾಲ್ಬೆರಳ ಸಂದಿಯವರೆಗೆ ತಂಗಿಯ ಮೈಯೆಲ್ಲ ದೀಪ ಹಿಡಿದು ನೋಡಿದಳು. ಕೊನೆಗೆ ಬೆನ್ನಿನ ಮುಂದೆ ನಿಂತು ನಿಟ್ಟುಸಿರಿಟ್ಟಳು.

"ಇದರ ಕೆಳಗೆ ನನಗೇನೂ ಕಾಣಲ್ಲ. ಇಲ್ಲೆಲ್ಲಾದ್ರೂ ಮೊದಲು ಮಚ್ಚೆ ಇತ್ತಾ?"

ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಇಲ್ಲ ಡಾಕ್ಟ್ರೇ. ಬೆನ್ನಲ್ಲಿ ಯಾವ ಮಚ್ಚೆಯೂ ಇರ್ಲಿಲ್ಲ," ಅಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಡಾಕ್ಟರಮ್ಮ ನನ್ನತ್ತ ತಿರುಗಿದಳು. "ನೀವೇ ಅಲ್ವಾ ಹಾಕಿದ್ದು? ನಿಮಗೇನಾದ್ರೂ ನೆನಪಿದೆಯಾ?"

"ಸರಿಯಾಗಿ ನೆನಪಿಲ್ಲ," ಅಂದೆ.

ತಂಗಿ ಹಾಸಿಕೊಟ್ಟ ಸುಳ್ಳಿನ ಮೇಲೆ ನಾನು ಹೋಗಿ ಕುಳಿತೆ. ಅವಳು ಮರೆತಿರಬೇಕು, ಅವಳ ಬೆನ್ನು ಅವಳಿಗೇನು ಕಾಣುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಚ್ಚೆಯೇ ಕಾರಣ ಅಂತ ಯಾರು ಕಂಡರು ಅಂದುಕೊಂಡೆ. ದೊಡ್ಡ ಯಂತ್ರಗಳಿವೆ, ಅವರೇ ಹುಡುಕುತ್ತಾರೆ ಅಂದುಕೊಂಡೆ. ಯಂತ್ರದೊಳಗೆ ಮಲಗಿಸಿದರು, ಕಣ್ಣಿನೊಳಗೆ ದೀಪ ಬಿಟ್ಟರು, ಹಳೆಯ ಗಾಯಗಳನ್ನೆಲ್ಲ ಕೆದಕಿದರು. ನಾನು ದಿನಾ ಗಂಜಿ ಹೊತ್ತುಕೊಂಡು ಹೋಗಿ, ಅವಳ ತಲೆ ಬಾಚಿ, ಬಾಯಿಗೆ ಬೀಗ ಹಾಕಿಕೊಂಡು ಬರುತ್ತಿದ್ದೆ. ಟ್ರಂಕಿನೊಳಗೆ ಅವಳ ಮೈನಕ್ಷೆ ಇತ್ತು. ಹರಿದು ಹಾಕೋಣ ಅಂತ ಎರಡು ಸಲ ಟ್ರಂಕಿನ ಮುಂದೆ ಕೂತೂ ಇದ್ದೆ. ಇಷ್ಟು ಹೇಳಿದ ಮೇಲೆ ಆ ಮಾತನ್ನೂ ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ?

ಹನ್ನೊಂದನೇ ದಿನ ಬೆಳಿಗ್ಗೆ ಶಾಲೆಯ ಟೀಚರ್ ಒಬ್ಬರು ಅಂಗಡಿಗೆ ಬಂದರು. ಮೊದಲ ಹಚ್ಚೆ, ಮಣಿಕಟ್ಟಿನ ಮೇಲೆ ಬಳ್ಳಿ ಬೇಕಂತೆ. ಅಭ್ಯಾಸ ಬಲ ನೋಡಿ, ಕೈ ತಾನೇ ಕಾಗದ ಹಾಸಿತು, ಮಚ್ಚೆ ಕಂಡಲ್ಲಿ ಕೆಂಪು ಚುಕ್ಕಿ ಇಟ್ಟಿತು. "ಇದ್ಯಾಕೆ?" ಅಂತ ಅವರು ಕೇಳಿದರು. "ಅಲ್ಲಿ ಜಾಗ ಬಿಡ್ತೀವಿ. ನಾಳೆ ಅದು ಬೆಳೆದ್ರೆ, ಬಣ್ಣ ತಿರುಗಿದ್ರೆ..." ಅಲ್ಲಿಗೆ ನಾಲಿಗೆ ಹೊರಳಲಿಲ್ಲ. ಟೀಚರ್ ಎದ್ದು ನನಗೆ ನೀರು ತಂದುಕೊಟ್ಟರು. ನಾನು ಅವರನ್ನು ಕಳಿಸಿ, ಅಂಗಡಿಗೆ ಬೀಗ ಜಡಿದು, ಸುರುಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಆಸ್ಪತ್ರೆಗೆ ನಡೆದೆ.

ತಂಗಿಯನ್ನು ಬೋರಲು ಮಲಗಿಸಿದ್ದರು. ಡಾಕ್ಟರಮ್ಮನ ಎದುರಿಗೇ ಕಾಗದವನ್ನು ಅವಳ ಬೆನ್ನ ಮೇಲೆ ಹಾಸಿದೆ. ಬೆನ್ನುಮೂಳೆಗೆ ಗೆರೆ ಹೊಂದಿಸಿದೆ, ಹೆಗಲಿಗೆ ಹೆಗಲು ಕೂರಿಸಿದೆ. ಅವಳು ಸೊರಗಿದ್ದರಿಂದ ಕಾಗದ ಅಂಚಿನಲ್ಲಿ ಸುಕ್ಕುಗಟ್ಟಿತು. ಕೆಂಪು ಚುಕ್ಕಿಯ ಅಡಿಗೆ ಬೆರಳು ತೂರಿಸಿಟ್ಟು ಕಾಗದ ಎತ್ತಿದೆ. ಕಣ್ಣಿಗೆ ಬರೀ ಕಪ್ಪು. ಬೆರಳಿಗೆ ಮಾತ್ರ ಸಿಕ್ಕಿತು, ಸಾಸಿವೆಗಿಂತ ಸ್ವಲ್ಪ ದೊಡ್ಡದು, ಗಡುಸು.

"ಇಲ್ಲಿ," ಅಂದೆ.

ಡಾಕ್ಟರಮ್ಮ ತನ್ನ ಬೆರಳಿಟ್ಟು ನೋಡಿದಳು. "ಆವತ್ತು ಕೇಳಿದಾಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಅವಳು ಬೈದಿದ್ದರೆ ಚೆನ್ನಾಗಿತ್ತು. ನರ್ಸನ್ನು ಕರೆದು ಬಿಳಿ ಪಟ್ಟಿ ತರಿಸಿ ಆ ಜಾಗಕ್ಕೆ ಅಂಟಿಸಿದಳು. ಎರಡನೇ ದಿನ ಅಂಗೈಯಷ್ಟು ಚರ್ಮ ಕತ್ತರಿಸಿ ತೆಗೆದರು. ಅಷ್ಟು ಹೊತ್ತಿಗೆ ಅದು ಶ್ವಾಸಕೋಶಕ್ಕೂ ಹೋಗಿ ಆಗಿತ್ತು. "ನಾನು ಹನ್ನೊಂದು ದಿನ ಮುಚ್ಚಿಟ್ಟಿದ್ದಕ್ಕೆ ಹೀಗಾಯ್ತಾ?" ಅಂತ ವರಾಂಡದಲ್ಲಿ ಡಾಕ್ಟರಮ್ಮನನ್ನು ಅಡ್ಡಗಟ್ಟಿ ಕೇಳಿದೆ. "ಹನ್ನೊಂದು ದಿನ ದೊಡ್ಡದಲ್ಲ ಅಮ್ಮ. ಆ ಮೂರು ವರ್ಷ ದೊಡ್ಡದು," ಅಂದು ಹೋದಳು.

ಮನೆಗೆ ಕಳಿಸಿದ ಮೇಲೆ ದಿನಾ ಗಾಯ ತೊಳೆದು ಪಟ್ಟಿ ಬದಲಿಸುವುದು ನನ್ನ ಕೆಲಸವಾಯಿತು. ಬೇರೆ ಯಾರೂ ಮುಟ್ಟುವುದಕ್ಕೆ ತಂಗಿ ಬಿಡುತ್ತಿರಲಿಲ್ಲ. ಕಾಗೆಗೆ ಬಲರೆಕ್ಕೆಯ ಬುಡವೇ ಇರಲಿಲ್ಲ. ಒಂದು ಮಧ್ಯಾಹ್ನ ಹತ್ತಿ ಅದ್ದುತ್ತ ಅದ್ದುತ್ತ ತಡೆಯಲಾಗದೆ ಕೇಳಿಯೇಬಿಟ್ಟೆ.

"ಡಾಕ್ಟರ ಹತ್ರ ಯಾಕೆ ಸುಳ್ಳು ಹೇಳಿದೆ? ನಿನಗೆ ಮರೆತಿರ್ಲಿಲ್ಲ ತಾನೇ?"

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಮರೆಯೋದೇನು ಬಂತು? ನಾನು ಹೇಳಿದ್ರೆ ನಿನ್ನ ಮೇಲೆ ದೂರು ಕೊಟ್ಟ ಹಾಗಾಗುತ್ತೆ ಅಂತ ಇಲ್ಲ ಅಂದೆ. ನೀನೇ ಹೇಳ್ತೀಯಲ್ಲ ಅಂತ."

ನಾನು ಹತ್ತಿ ಹಿಂಡಿ ಗಾಯದ ಅಂಚು ಒರೆಸಿದೆ.

"ನೀನು ದಿನಾ ಗಂಜಿ ತರ್ತಿದ್ದೆ," ಅಂದಳು. "ಇವತ್ತು ಹೇಳ್ತಾಳೆ ಅಂದ್ಕೊಳ್ತಿದ್ದೆ. ನೀನು ತಲೆ ಬಾಚಿ ಹೋಗಿಬಿಡ್ತಿದ್ದೆ. ಹನ್ನೊಂದು ದಿನ ಕಾದೆ ಅಕ್ಕಾ."

ನಾನು ಅವಳ ಕಾಲು ಹಿಡಿದುಕೊಂಡು ಅತ್ತೆ. ಅವಳು ಕಾಲು ಎಳೆದುಕೊಳ್ಳಲೂ ಇಲ್ಲ, ಪರವಾಗಿಲ್ಲ ಬಿಡು ಅನ್ನಲೂ ಇಲ್ಲ. "ಪಟ್ಟಿ ಕಟ್ಟು, ಚಳಿ ಆಗ್ತಿದೆ," ಅಂದಳು. ಕಟ್ಟಿದೆ.

"ಅಂಗಡಿ ಮುಚ್ಚಿಬಿಡ್ತೀನಿ. ಆ ಫೋಟೋನೂ ತೆಗೆದು ಸುಟ್ಟು ಹಾಕ್ತೀನಿ," ಅಂದೆ.

"ಅದೊಂದು ಮಾಡ್ಬೇಡ. ನಿನಗೆ ಸುಲಭ ಆಗಿಬಿಡುತ್ತೆ." ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಫೋಟೋ ಅಲ್ಲೇ ಇರ್ಲಿ. ಮಚ್ಚೆ ಇದ್ದಲ್ಲಿ ಒಂದು ಕೆಂಪು ಚುಕ್ಕಿ ಇಡು. ಕೇಳಿದವರಿಗೆಲ್ಲ ಹೇಳು. ಒಬ್ಬರನ್ನೂ ಬಿಡಬೇಡ."

ಅವಳು ಐದು ತಿಂಗಳು ಬದುಕಿದಳು. ಕೊನೆಯ ಸ್ನಾನ ಮಾಡಿಸಿದ್ದೂ ನಾನೇ. ಚಿಕ್ಕಂದಿನಲ್ಲಿ ಉಜ್ಜುತ್ತಿದ್ದ ಹಾಗೆಯೇ ಬೆನ್ನು ಉಜ್ಜಿದೆ, ಗಾಯದ ಜಾಗ ಬಿಟ್ಟು.

ಬುರುಡೆ ವಿಷಯ ತಿಳಿದು ಅಂಗಡಿಗೆ ಬಂದಿದ್ದ. ಫೋಟೋದ ಮುಂದೆ ಬಹಳ ಹೊತ್ತು ನಿಂತ. "ನಾನೂ ಎಷ್ಟೋ ಮುಚ್ಚಿದೀನಿ ಅಕ್ಕಾ," ಅಂದು ಕೂತುಬಿಟ್ಟ. ಅವನಿಗೆ ಸಮಾಧಾನ ಹೇಳುವ ಮನಸ್ಸು ನನಗಾಗಲಿಲ್ಲ. ಹೋಗಿ ಒಬ್ಬೊಬ್ಬರನ್ನೂ ಹುಡುಕಿ ಹೇಳು ಅಂದೆ.

ಅಂಗಡಿ ತೆರೆದೇ ಇದೆ. ಹೊಸಬರು ಬರುತ್ತಾರೆ, ಕುರ್ಚಿಯಲ್ಲಿ ಕೂತು ಎದುರು ಗೋಡೆ ನೋಡುತ್ತಾರೆ. ಎಂಥಾ ಕಾಗೆ, ಎಂಥಾ ಕೈ ಅನ್ನುತ್ತಾರೆ. ಆಮೇಲೆ ರೆಕ್ಕೆಯ ಬುಡದಲ್ಲಿ ಆ ಕೆಂಪು ಚುಕ್ಕಿ ಏನು ಅಂತ ಕೇಳಿಯೇ ಕೇಳುತ್ತಾರೆ. ನಾನು ಸೂಜಿ ಕೆಳಗಿಡುತ್ತೇನೆ. ಅದು ನನ್ನ ತಂಗಿಯ ಬೆನ್ನು ಅನ್ನುತ್ತೇನೆ. ಅಲ್ಲೊಂದು ಮಚ್ಚೆ ಇತ್ತು, ನನಗೆ ಗೊತ್ತಿತ್ತು ಅನ್ನುತ್ತೇನೆ.