ಕಳ್ಳಮರದ ಬೇರುಗಂಟು

ಐದು ಸೀಸೆಗಳಲ್ಲಿದ್ದ ಮದ್ಯಸಾರ ತಿಳಿನೀಲಿಯಾಗಿತ್ತು. ಬೇರುಗಂಟುಗಳ ಜೊತೆ ನಾನು ಒಳಗೆ ಇಳಿಬಿಟ್ಟಿದ್ದ ಚೀಟಿಗಳ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ.

"ಪೆನ್ನಲ್ಲಿ ಬರೆದ್ಯೇನೇ?" ಅಕ್ಕ ಕೇಳಿದಳು.

"ಪೆನ್ಸಿಲ್ ಅಂದ ಕಾಣ್ಲಿಲ್ಲ ಅಕ್ಕಾ."

"ಆಹಾ, ಮುತ್ತಿನಂಥ ಅಕ್ಷರ! ಕುಡಿದುಬಿಡು ಈಗ."

ಶಾಯಿ ಮದ್ಯಸಾರದಲ್ಲಿ ಕರಗುತ್ತದೆಂಬುದು ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಲಿಸುವ ಪಾಠ. ಪರೀಕ್ಷೆಯಲ್ಲಿ ಅದನ್ನೇ ಬರೆದು ನಾನು ಪೂರ್ಣ ಅಂಕ ಪಡೆದಿದ್ದೆ. ಅಕ್ಕನ ಸಂಶೋಧನಾ ಪ್ರಬಂಧ ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ಗಂಟುಗಳನ್ನು ಕೊಟ್ಟ ಮರಗಳ ಸಾಲನ್ನು ಹೊಸ ಕಟ್ಟಡಕ್ಕಾಗಿ ಬುಡಸಮೇತ ಕಿತ್ತಾಗಿತ್ತು.

ಗಂಟಿನ ಒಳರಚನೆಯಿಂದಲೇ ಮರವನ್ನು ಗುರುತಿಸಲು ಹೊರಟೆವು. ಅಕ್ಕ ಬ್ಲೇಡಿನಿಂದ ಸೀಳಿದಳು, ನಾನು ಬಣ್ಣ ಹಚ್ಚಿದೆ. ಅವರೆಯ ಕುಲದ ಮರಗಳಲ್ಲಿ ಗಂಟಿನ ನಡುವೆ ಬ್ಯಾಕ್ಟೀರಿಯಾ, ಅಂಚಿನಲ್ಲಿ ನೀರು ಸಾಗಿಸುವ ನಾಳಗಳು. ಮೂರು ಸೀಸೆಗಳು ಹಾಗೆ ತಮ್ಮ ಕುಲವನ್ನು ತಾವೇ ಹೇಳಿದವು.

ಉಳಿದ ಎರಡರಲ್ಲಿ ಒಂದು ಗಾಳಿಮರ, ಇನ್ನೊಂದು ಕಳ್ಳಮರ. ಈ ಅಡ್ಡಹೆಸರು ಅಕ್ಕ ಇಟ್ಟದ್ದು. ಅವರೆಯ ಕುಲಕ್ಕೆ ಸೇರದಿದ್ದರೂ ಆ ಮರ ಆ ಕುಲದ ಬೇರುಗಳಲ್ಲಿರುವ ಬ್ಯಾಕ್ಟೀರಿಯಾವನ್ನೇ ಸಾಕಿಕೊಂಡಿದೆ; ಮನೆಯನ್ನು ಮಾತ್ರ ಗಾಳಿಮರದಂತೆ, ಕವಲುಬೇರಿನ ರೀತಿಯಲ್ಲಿ, ನಟ್ಟನಡುವೆ ನಾಳವಿಟ್ಟು ಕಟ್ಟಿದೆ. ವಿಕಾಸದಲ್ಲಿ ಬೇರುಗಂಟು ಒಂದಕ್ಕಿಂತ ಹೆಚ್ಚು ದಾರಿಗಳಲ್ಲಿ ರೂಪುಗೊಂಡಿತೆಂಬ ಅವಳ ಐದನೆಯ ಅಧ್ಯಾಯ ನಿಂತದ್ದೇ ಆ ಗಂಟಿನ ಮೇಲೆ.

ಎರಡರಲ್ಲೂ ನಾಳ ನಡುವೆಯೇ ಇತ್ತು. ಎರಡರಲ್ಲೂ ಜೀವಕೋಶಗಳು ಕಂದುಗಟ್ಟಿದ್ದವು. ಒಳಗಿರುವುದು ಅವರೆಯ ಬ್ಯಾಕ್ಟೀರಿಯಾವೋ ಗಾಳಿಮರದ ಬೇರೆಯದೋ ಕಾಣಲಿಲ್ಲ. ಕೊನೆಯ ಗಂಟನ್ನೂ ಅಕ್ಕ ಸೀಳಿ ಮುಗಿಸಿದಳು.

ಅವಳ ಮಾರ್ಗದರ್ಶಕರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. "ಯಾವುದಾದ್ರೂ ಒಂದಕ್ಕೆ ಹೆಸರಿಡಮ್ಮ. ಪರೀಕ್ಷಕರೇನು ಮರದ ಬುಡಕ್ಕೆ ಹೋಗಿ ವಿಚಾರಿಸ್ತಾರಾ?" ಎಂದು ಹೇಳಿ ಹೊರಟುಹೋದರು.

ಅಕ್ಕ ನನ್ನ ಎರಡೂ ಭುಜ ಹಿಡಿದಳು. "ಸೀಸೆ ಜೋಡಿಸಿದ್ದು ನೀನು. ಎಡಗಡೆ ಯಾವುದಿಟ್ಟೆ? ನೀನು ಹೇಳಿದ್ರೆ ನಂಬ್ತೀನಿ ಕಣೇ. ಹೇಳು."

ಎಡಗಡೆಯದು ಕಳ್ಳಮರ ಎಂದುಬಿಟ್ಟರೆ ಅವಳ ಆರು ವರ್ಷಗಳ ದುಡಿಮೆ ಉಳಿಯುತ್ತಿತ್ತು. ಅದು ನಿಜವಾಗಿರುವ ಸಾಧ್ಯತೆ ಅರ್ಧ.

"ಗೊತ್ತಿಲ್ಲಕ್ಕಾ."

"ನೆನಪು ಮಾಡ್ಕೋ, ನಿನ್ನ ಕಾಲಿಗೆ ಬೀಳ್ತೀನಿ."

"ಎರಡು ಸಲ ಜೋಡಿಸಿದೆ. ಸಾಲು ಸೊಟ್ಟ ಇತ್ತು ಅಂತ."

ಅವಳು ನಕ್ಕಳು. ಅದಕ್ಕಿಂತ ಎರಡೇಟು ಹಾಕಿದ್ದರೆ ಸಮಾಧಾನವಾಗುತ್ತಿತ್ತು. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಐದನೆಯ ಅಧ್ಯಾಯದ ನಲವತ್ತೊಂದು ಪುಟಗಳನ್ನು ಒಂದೇ ಸಲಕ್ಕೆ ಅಳಿಸಿದಳು.

"ಪರಿವಿಡಿ ಓದು. ಪುಟಸಂಖ್ಯೆ ಎಲ್ಲಾ ತಿದ್ದಬೇಕು."

ಆರನೆಯ ಅಧ್ಯಾಯವನ್ನು ಐದು ಎಂದು ಓದಬೇಕಾಗಿತ್ತು. ನನಗೇ ಕೇಳಿಸದಷ್ಟು ಮೆಲ್ಲಗೆ ಓದಿದೆ.

"ಜೋರಾಗಿ ಓದೇ," ಎಂದಳು ಅಕ್ಕ, ನನ್ನ ಕಡೆ ತಿರುಗದೆ.