ಮೂರು ಸಲ ಸೋತ ಕಾಲು

ಹಂಗಳದ ಮುದ್ದಯ್ಯನವರು ಮೈಕ್‌ಸೆಟ್ ವ್ಯಾಪಾರ ಬಿಟ್ಟು ಇಪ್ಪತ್ತೈದು ವರ್ಷವಾದರೂ ಗ್ರಾಮಫೋನ್ ಪ್ಲೇಟುಗಳನ್ನು ಮಾತ್ರ ಬಿಟ್ಟಿರಲಿಲ್ಲ. ಮದುವೆ, ನಾಮಕರಣ, ತಿಥಿ ಎಂದು ಊರೂರು ಹಾಡಿ ಬಂದ ನೂರಿಪ್ಪತ್ತು ಪ್ಲೇಟು ಅಟ್ಟದ ಟ್ರಂಕಿನಲ್ಲಿ ಮಲಗಿದ್ದವು. ಚಾಮರಾಜನಗರದಲ್ಲಿ ಕೆಲಸದಲ್ಲಿದ್ದ ಮಗಳು ಭಾನು, ಕೆಟ್ಟು ಕೂತಿದ್ದ ಪ್ಲೇಯರನ್ನು ರಿಪೇರಿ ಮಾಡಿಸಿ ತಂದ ದಿನ ಅವರಿಗೆ ಊಟವೇ ಬೇಡವಾಯಿತು. ಒಂದೊಂದನ್ನೇ ಪಂಚೆಯ ಚುಂಗಿನಲ್ಲಿ ಒರೆಸುವುದು, ಹಾಕುವುದು, ಕಣ್ಣು ಮುಚ್ಚಿ ತಲೆದೂಗುವುದು.

"ಇದು ಬೋರಯ್ಯನ ಮದ್ವೆದು ಕಣಮ್ಮಿ. ಇದ್ನ ಆಕುದ್ಮೇಲೇ ಗಂಡಿನ ಕಡೆಯೋರು ಮುನಿಸು ಬುಟ್ಟಿದ್ದು!"

ಕೊನೆಗೆ ಭಾನು ತನ್ನ ಚೀಲದಿಂದ ಒಂದು ಪ್ಲೇಟು ತೆಗೆದಳು. ಗುಜರಿ ಅಂಗಡಿಯಲ್ಲಿ ಸಿಕ್ಕಿತಂತೆ. ಅಪ್ಪನ ಹತ್ತಿರವಿದ್ದ ಬೆಟ್ಟ ಹತ್ತುವ ಹಾಡಿನದೇ, ಆದರೆ ಒಂದು ಗೀರೂ ಇಲ್ಲದ್ದು.

ಆ ಹಾಡೇ ಮುದ್ದಯ್ಯನವರ ಮಾನ. ತಮ್ಮ ಹಳೇ ಪ್ಲೇಟು ಕೇಳಿ ಕೇಳಿ ಕಲಿತು, ಮೂವತ್ತು ವರ್ಷದ ಹಿಂದೆ ಊರಿನ ಭಜನೆಯವರಿಗೆ ಕಲಿಸಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರನ್ನು ಊರು 'ಮೇಷ್ಟ್ರೇ' ಎನ್ನುತ್ತಿದ್ದುದು ಅದರಿಂದಲೇ. 'ಕಾಲು ಸೋತಿತಯ್ಯಾ' ಎಂಬ ಸಾಲನ್ನು ಮೂರು ಸಲ, ಸಲಸಲಕ್ಕೂ ದನಿ ಏರಿಸಿ ಹಾಡುವುದು ಹಂಗಳದವರ ವಿಶೇಷ.

ಹೊಸ ಪ್ಲೇಟಿನಲ್ಲಿ ಕಾಲು ಒಂದೇ ಸಲ ಸೋತಿತು.

ಮತ್ತೆ ಹಾಕಿದರು. ಒಂದೇ ಸಲ. ಹಳೆಯದನ್ನು ಹಾಕಿದರು. ಮುಳ್ಳು ಗೀರಿಗೆ ಸಿಕ್ಕಿ ಎರಡು ಸಲ ಅದೇ ಸಾಲಿಗೆ ಹಿಂದಕ್ಕೆ ಜಿಗಿದು ಮುಂದೆ ಹೋಯಿತು. ನಡುವೆ 'ಟಕ್' ಎಂದಿತು. ಇಷ್ಟು ವರ್ಷ ಅವರು ಅದನ್ನು ತಬಲಾ ಎಂದುಕೊಂಡಿದ್ದರು! ನಗಲು ಹೊರಟ ಭಾನು ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಮುಂದಿನ ಭಾನುವಾರವೇ ಚಾಮರಾಜನಗರದಲ್ಲಿ ಭಜನೆ ಸ್ಪರ್ಧೆ. ಬಲ್ಲವರ ಮುಂದೆ ತಪ್ಪು ಹಾಡಿದರೆ ನಗೆಪಾಟಲು. ತಪ್ಪು ಕಲಿಸಿದೆ ಎಂದು ಒಪ್ಪಿಕೊಂಡರೆ ಮೇಷ್ಟ್ರುಗಿರಿ ಮಣ್ಣುಪಾಲು. ಅತ್ತ ದರಿ, ಇತ್ತ ಪುಲಿ. ಮುದ್ದಯ್ಯನವರು ಕಾರಣ ನುಂಗಿಕೊಂಡು ಭಜನೆಯವರಿಗೆ ಅಪ್ಪಣೆ ಮಾತ್ರ ಕೊಟ್ಟರು: "ಇನ್ಮೇಲೆ ಆ ಸಾಲು ಒಂದೇ ಸಲ."

"ಯಾಕ್ ಮೇಷ್ಟ್ರೇ?" ಎಂದಳು ಮುಂಗಾಯಕಿ ರಾಚಮ್ಮ.

"ಟೈಮ್ ಸಾಲಲ್ಲ, ಅದ್ಕೆ."

ವಾರವಿಡೀ ತಾಲೀಮು ನಡೆಯಿತು. ನಾಲಿಗೆ ಕಚ್ಚಿಕೊಂಡು, ಒಬ್ಬರ ತೊಡೆ ಒಬ್ಬರು ಚಿವುಟಿ ಅಂತೂ ಎಲ್ಲರೂ ಒಂದಕ್ಕೆ ನಿಲ್ಲುವುದನ್ನು ಕಲಿತರು.

ವೇದಿಕೆಯ ಮೇಲೆ ಹಾಡು ಬೆಟ್ಟ ಹತ್ತಿತು. 'ಕಾಲು ಸೋತಿತಯ್ಯಾ' ಎಂದು ಹನ್ನೊಂದು ಜನವೂ ಶಿಸ್ತಾಗಿ ನಿಂತರು. ಆದರೆ ಹಾರ್ಮೋನಿಯಂ ಹಿಡಿದಿದ್ದ ಮುದ್ದಯ್ಯನವರು ಕಣ್ಣು ಮುಚ್ಚಿ, ದನಿ ಏರಿಸಿ, ಎರಡನೇ ಸಲ ಒಬ್ಬರೇ ಹೊರಟುಬಿಟ್ಟರು! ಅರ್ಧದಲ್ಲಿ ತಿಳಿದು ಕಣ್ಣು ಬಿಟ್ಟರು. ಅಷ್ಟರಲ್ಲಿ ರಾಚಮ್ಮ ದನಿ ಸೇರಿಸಿದಳು. ಮೂರನೇ ಸಲಕ್ಕೆ ಹನ್ನೊಂದು ಜನವೂ ಗಂಟಲು ಬಿಟ್ಟರು. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಕೆಳಗಿಳಿದ ಮೇಲೆ ಮುದ್ದಯ್ಯನವರಿಗೆ ತಡೆಯಲಾಗಲಿಲ್ಲ. "ನನ್ನ ಪ್ಲೇಟ್ಗೆ ಗೀರು ಬಿದ್ದಿತ್ತು ಕಣ್ರಪ್ಪ. ಸಾಲು ಇರೋದು ಒಂದೇ ಸಲ. ಮೂವತ್ತು ವರ್ಷ ನಿಮ್ಗೆ ತಪ್ಪು ಏಳ್ಕೊಟ್ಟೆ," ಎಂದು ತಲೆ ತಗ್ಗಿಸಿದರು.

ರಾಚಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡಳು.

"ಗೊತ್ತು ಬುಡಿ. ನಮ್ ತವರು ಬೇಗೂರಲ್ಲೂ ಆ ಪ್ಲೇಟ ಆಕೋರು. ಒಂದೇ ಸಲ ಬರದು."

"ಮತ್ಯಾಕವ್ವ ಇಷ್ಟ್ ವರ್ಷ ಏಳ್ನಿಲ್ಲ?"

"ಒಂದ್ ಸಲ ಅಂದ್ರೆ ಕಾಲು ಸೋತಂಗೇ ಅನ್ಸದಿಲ್ಲ ಮೇಷ್ಟ್ರೇ. ಬೆಟ್ಟ ಅತ್ತೋರು ಒಂದೇ ಸಲ ಅಂದ್ಬುಟ್ಟು ಸುಮ್ನಾದಾರಾ? ನೀವು ಏಳ್ಕೊಟ್ಟಿದ್ದೇ ಸರ್ಯಾಗಿತ್ತು, ಅದ್ಕೇ ನಾವು ಅಂಗೇ ಕಲ್ತೊ."