ಸಾವಂತ್ರಮ್ಮನ ಬಿಸಿನೀರು

ನಾನೊಂದು ರಬ್ಬರ್ ಚೀಲ. ಬಿಸಿನೀರು ತುಂಬಿಸಿಕೊಂಡು ನೋಯುವ ಮೈಗೆ ಕಾವು ಕೊಡುವುದು ನನ್ನ ಕೆಲಸ. ಅಚ್ಚಿನಲ್ಲಿ ಬೇಯಿಸಿ ತೆಗೆದಾಗ ನನಗೆ ಹೊಟ್ಟೆ ಬಂತು, ಕೊರಳು ಬಂತು, ಅದಕ್ಕೊಂದು ಬಿರಡೆ ಬಂತು. ತಲೆ ಮಾತ್ರ ಬರಲಿಲ್ಲ. ಆದರೂ ಆ ಮನೆಯಲ್ಲಿ ತಲೆಯಿದ್ದವರಿಗಿಂತ ನನಗೇ ಹೆಚ್ಚು ತಿಳಿದಿತ್ತು ಎಂಬ ಜಂಭ ನನಗಿದೆ.

ಭದ್ರಾವತಿಯ ಔಷಧಿ ಅಂಗಡಿಯಿಂದ ನನ್ನನ್ನು ಕೊಂಡು ತಂದವರು ಸಾವಂತ್ರಮ್ಮ. ಅವರಿಗೆ ಮೈಯೆಲ್ಲ ನೋವು. ಬೆಳಿಗ್ಗೆ ಹೆಗಲು, ಮಧ್ಯಾಹ್ನ ಸೊಂಟ, ಸಂಜೆಗೆ ಮಂಡಿ. ಎಷ್ಟು ಮಲಗಿದರೂ ಎದ್ದಾಗ ಅದೇ ಸುಸ್ತು. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸರಿಯಾಗಿಯೇ ಬಂದವು.

"ಏನೂ ಇಲ್ವಂತಲ್ಲಮ್ಮ. ಕೆಲಸ ತಪ್ಪಿಸ್ಕೊಳ್ಳೋಕೆ ನಿಂದೊಂದು ನೆಪ," ಎಂದಳು ಮಗಳು ವನಜಾಕ್ಷಿ.

ಸಾವಂತ್ರಮ್ಮ ನನಗೆ ಬಿಸಿನೀರು ತುಂಬಿದರು. ನನ್ನನ್ನು ಹೆಗಲಿಗೆ ಒತ್ತಿಕೊಂಡು, "ನಿಜವಾಗ್ಲೂ ನೋಯುತ್ತೆ ಕಣೋ," ಎಂದು ನನಗೆ ಹೇಳಿದರು. ನಾನು ನಂಬಿದೆ. ನಂಬಿ ಏನು ಬಂತು? ಹೇಳಲು ಬಾಯಿಲ್ಲ.

ಒಂದು ಮಧ್ಯಾಹ್ನ ನನ್ನನ್ನು ಸೊಂಟಕ್ಕಿಟ್ಟುಕೊಂಡು ಮಲಗಿದವರು ಏಳಲಿಲ್ಲ. ಹೃದಯಾಘಾತ ಎಂದರು. ಸತ್ತವರ ಹಾಸಿಗೆ, ಬಟ್ಟೆ ಮನೆಯಲ್ಲಿ ಇರಬಾರದೆಂದು ಎಲ್ಲವನ್ನೂ ಸಾಗಿಸಿದರು. ನನ್ನನ್ನು ಮಾತ್ರ ಯಾರೋ ನೀರನ್ನೂ ಚೆಲ್ಲದೆ ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಮರೆತರು. ಸಂಜೆಯಾಯಿತು, ನೀರು ಆರಲಿಲ್ಲ. ತಿಥಿ ಕಳೆಯಿತು, ಆರಲಿಲ್ಲ. ವರ್ಷ ತುಂಬಿತು, ಆಗಲೂ ಆರಲಿಲ್ಲ. ನನ್ನ ಹೊಟ್ಟೆಯನ್ನು ಕಂಡು ನನಗೇ ಭಯವಾಗತೊಡಗಿತು.

ಆಮೇಲೆ ವನಜಾಕ್ಷಿಗೂ ನೋವು ಶುರುವಾಯಿತು. ಬೆಳಿಗ್ಗೆ ಹೆಗಲು, ಮಧ್ಯಾಹ್ನ ಸೊಂಟ. ಕಾವು ಕೊಟ್ಟುಕೊಳ್ಳೋಣವೆಂದು ನನ್ನನ್ನು ಮೊಳೆಯಿಂದ ತೆಗೆದವಳು ಬೆಚ್ಚಿಬಿದ್ದಳು.

"ಚಿಕ್ಕಮ್ಮಾ, ಇದಕ್ಕೆ ಬಿಸಿನೀರು ಹಾಕಿದ್ದು ನೀವಾ?"

ಊರಿಂದ ಬಂದಿದ್ದ ಚಿಕ್ಕಮ್ಮ ಗಿರಿಜಮ್ಮ ನನ್ನನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಂಡೆ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ.

"ಸತ್ತೋರ ಸಾಮಾನು ಇಟ್ಕೊಂಡಿದ್ದೀಯಲ್ಲೇ! ನೋವು ಹತ್ತಿರೋದು ಇದರಿಂದ್ಲೇ. ಹೊಳೆಗೆ ಎಸಿ."

ನನಗೂ ಅನುಮಾನ ಬಂತು. ತಾಯಿಯ ನೋವನ್ನು ಮಗಳಿಗೆ ದಾಟಿಸಿದವನು ನಾನೇ ಇರಬಹುದೇ?

ವನಜಾಕ್ಷಿ ಹೊಳೆಗೆ ಹೋಗಲಿಲ್ಲ. ನನ್ನನ್ನು ಬ್ಯಾಗಿಗೆ ತುರುಕಿಕೊಂಡು ಶಿವಮೊಗ್ಗದ ಡಾಕ್ಟರಮ್ಮನ ಬಳಿ ಹೋದಳು. ಅವರು ಸಾವಧಾನವಾಗಿ ಕೇಳಿದರು, ಹೆಗಲು, ಸೊಂಟ, ಮಂಡಿ ಒತ್ತಿ ನೋಡಿದರು.

"ಇದಕ್ಕೆ ಫೈಬ್ರೊಮಯಾಲ್ಜಿಯ ಅಂತಾರೆ. ಪರೀಕ್ಷೇಲಿ ಕಾಣಲ್ಲ, ಆದ್ರೆ ನೋವು ನಿಜ. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ, ಹಿಡಿತಕ್ಕೆ ತರಬಹುದು. ಮಾತ್ರೆ ಬರೆದುಕೊಡ್ತೀನಿ. ದಿನಾ ಸ್ವಲ್ಪ ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ. ನೋವು ಕಮ್ಮಿ ಇದೆ ಅಂತ ಒಂದೇ ದಿನ ಮನೆಯೆಲ್ಲ ತೊಳೆಯೋಕೆ ಹೋಗ್ಬೇಡಿ."

"ಇದು ಈ ಚೀಲದಿಂದ ಬಂತಾ ಡಾಕ್ಟ್ರೇ?"

"ಚೀಲದಿಂದ ಹೇಗಮ್ಮ ಬರುತ್ತೆ? ಕೆಲವು ಮನೆತನದಲ್ಲಿ ಇರುತ್ತೆ. ನಿಮ್ಮ ತಾಯಿಗೂ ಹೀಗೇ ಆಗ್ತಿತ್ತಾ?"

ವನಜಾಕ್ಷಿ ಹೌದೆಂದು ತಲೆಯಾಡಿಸಿ ನನ್ನನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಮನೆಗೆ ಬಂದವಳೇ ಬಚ್ಚಲ ಬಾಗಿಲು ಹಾಕಿಕೊಂಡು ನನ್ನನ್ನು ಹೆಗಲಿಗೆ ಒತ್ತಿಕೊಂಡಳು. "ಅಮ್ಮಾ, ನಿಂಗೆ ನಿಜವಾಗ್ಲೂ ನೋಯ್ತಿತ್ತು. ನಾನೇ ನಂಬ್ಲಿಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅಳುತ್ತಿದ್ದಂತೆಯೇ ನನ್ನೊಳಗಿನ ನೀರು ತಣ್ಣಗಾಯಿತು.

ಈಗ ನನ್ನ ಮೈ ಬಿರುಕು ಬಿಟ್ಟಿದೆ. ಅದೇ ಮೊಳೆಗೆ ಖಾಲಿಯಾಗಿ ನೇತಾಡುತ್ತಿದ್ದೇನೆ. ವನಜಾಕ್ಷಿ ದಿನಾ ಬೆಳಿಗ್ಗೆ ನಡೆಯಲು ಹೋಗುತ್ತಾಳೆ, ಕೆಲವು ದಿನ ಸೇತುವೆಯವರೆಗೆ, ನೋವು ಹೆಚ್ಚಿದ ದಿನ ಗೇಟಿನವರೆಗಷ್ಟೇ. ಹೊರಡುವ ಮೊದಲು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುತ್ತಾಳೆ. ತಣ್ಣಗಿದೆ ಎಂದು ಖಚಿತವಾದ ಮೇಲೆಯೇ ಚಪ್ಪಲಿ ಮೆಟ್ಟುತ್ತಾಳೆ.